ಹುಕ್ ಬಿಚ್ಚಿ ಹಾರುವಾಗ ಯಾವ ಲೀಶ್? ಮೂರು ಥರ ಕಟ್ಟಿ ನೋಡಿದೆ

ಗಂಗಾವತಿಯಿಂದ ರಾಮೇಶ್ವರಕ್ಕೆ ಹೋಗಿ ಕೈಟ್‌ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟ (ಕೈಟ್) ಎಳೆದಂತೆ ಹಲಗೆ ಮೇಲೆ ನಿಂತು ನೀರಲ್ಲಿ ಓಡೋದು, ಕಲಿತೆ ಅಂದರೆ ನಮ್ಮ ಕಡೆಯವರು ಮೊದಲು ಕೇಳೋದು ಒಂದೇ: "ಆ ಪಟ ಕೈ ತಪ್ಪಿದ್ರ ಏನ್ ಮಾಡ್ತೀಯವ್ವ?" ಸರಿಯಾದ ಪ್ರಶ್ನೆನೇ. ಮಾಮೂಲಿಯಾಗಿ ಓಡಿಸುವಾಗ ಇದಕ್ಕೆ ಉತ್ತರ ಸುಲಭ. ಕೈಟಿನ ಎಳೆತವೆಲ್ಲ ಸೊಂಟಕ್ಕೆ ಕಟ್ಟುವ ಪಟ್ಟಿಯ, ಅಂದರೆ ಹಾರ್ನೆಸ್ಸಿನ, ಹುಕ್ಕಿಗೆ ಬೀಳುತ್ತದೆ. ಕೈಟನ್ನು ಆಡಿಸಲು ಕೈಯಲ್ಲಿ ಹಿಡಿಯುವ ಕೋಲು, ಅಂದರೆ ಬಾರ್, ಬಿಟ್ಟರೆ ಅದು ಮೇಲಕ್ಕೆ ಜಾರುತ್ತದೆ, ಕೈಟಿನ ಬಲ ಇಳಿಯುತ್ತದೆ. ಆದರೆ ರೇಲಿಯಂಥ (ಗಾಳಿಯಲ್ಲಿ ಮೈ ಚಾಚಿ ಹಾರುವ) ಟ್ರಿಕ್ ಮಾಡಬೇಕಾದರೆ ಬಾರಿನ ಕೆಳಗಿರುವ, ಹುಕ್ಕಿಗೆ ಸಿಕ್ಕಿಸುವ ಬಳೆಯನ್ನು, ಅಂದರೆ ಚಿಕನ್ ಲೂಪನ್ನು, ಹುಕ್ಕಿನಿಂದ ಬಿಚ್ಚಿಕೊಂಡು, ಬರೀ ಎರಡು ಕೈಯಲ್ಲಿ ಬಾರ್ ಹಿಡಿದು ಹಾರಬೇಕು. ಆಗ ಕೈ ತಪ್ಪಿದರೆ ನಿಮಗೂ ಕೈಟಿಗೂ ನಡುವೆ ಉಳಿಯೋದು ಹಾರ್ನೆಸ್ಸಿನಿಂದ ಬಾರಿಗೆ ಕಟ್ಟುವ ರಕ್ಷಣೆಯ ಪಟ್ಟಿ, ಅಂದರೆ ಲೀಶ್, ಒಂದೇ.

ಆ ಲೀಶನ್ನು ಮೂರು ಥರ ಕಟ್ಟಿ ನೋಡಿದ್ದೇನೆ. ಜುಲೈನಲ್ಲಿ 12 ದಿನ, ಜನವರಿಯಲ್ಲಿ 9 ದಿನ, ಎರಡೂ ಸಲ ರಾಮೇಶ್ವರದಲ್ಲೇ. ಬೇಸಿಗೆಯಿಂದ ಮಳೆಗಾಲದವರೆಗೆ ಅಲ್ಲಿ ದಕ್ಷಿಣದ ಗಾಳಿ, ಚಳಿಗಾಲದಲ್ಲಿ ಉತ್ತರದ ಗಾಳಿ. ನನ್ನ ತೂಕ 58 ಕಿಲೋ. ಹಾರಿಸಿದ್ದು 9 ಚದರ ಮೀಟರ್ ಕೈಟ್, ಗಾಳಿ ಹೆಚ್ಚುಕಡಿಮೆ 18 ನಾಟ್, ಅಂದರೆ ಗಂಟೆಗೆ 33 ಕಿಲೋಮೀಟರ್. ನಿಮ್ಮ ತೂಕ, ಗಾಳಿ ಬೇರೆ ಇದ್ದರೆ ಅನುಭವವೂ ಸ್ವಲ್ಪ ಬೇರೆ ಇರುತ್ತದೆ.

ಮೊದಲೇ ಒಂದು ಮಾತು. ಅಂಗಡಿಯಲ್ಲಿ ಎಲ್ಲರೂ ಲೀಶಿನ ಉದ್ದ ಕೇಳುತ್ತಾರೆ. ಉದ್ದ ಬೇಕು, ನಿಜ. ಆದರೆ ಅದರ ಆಚೆ ತುದಿಯನ್ನು ಬಾರಿನಲ್ಲಿ ಎಲ್ಲಿಗೆ ಸಿಕ್ಕಿಸುತ್ತೀರಿ ಅನ್ನೋದು ಇನ್ನೂ ಜಾಸ್ತಿ ಮುಖ್ಯ. ಎರಡು ಜಾಗ ಇವೆ. ಒಂದು ಸೇಫ್ಟಿ ದಾರದ ರಿಂಗ್. ಅಲ್ಲಿಗೆ ಸಿಕ್ಕಿಸಿ ಬಾರ್ ಬಿಟ್ಟರೆ ಕೈಟ್ ಒಂದೇ ದಾರದ ಮೇಲೆ ಬಾವುಟದ ಹಾಗೆ ಪಟಪಟ ಬಡಿದುಕೊಂಡು ನೀರಿಗೆ ಬೀಳುತ್ತದೆ. ಇನ್ನೊಂದು ಚಿಕನ್ ಲೂಪ್. ಅಲ್ಲಿಗೆ ಸಿಕ್ಕಿಸಿದರೆ ಎಲ್ಲ ದಾರಗಳೂ ಹಾಗೇ ಇರುತ್ತವೆ. ಬಲ ಇಳಿದರೂ ಕೈಟ್ ಗಾಳಿಯಲ್ಲೇ ಇರುತ್ತದೆ. ಕೈಟ್ ಓಡಿಸುವವರು ಇದನ್ನು ಸುಸೈಡ್ ಅಂತಲೇ ಕರೆಯುತ್ತಾರೆ.

ಮೊದಲನೆಯದು ಗಿಡ್ಡ ಲೀಶ್. ಹಾರ್ನೆಸ್ಸಿನ ಮುಂದಿನ ರಿಂಗಿಗೆ ಕಟ್ಟಿದ್ದು, ಸುಮ್ಮನೆ ಬಿಟ್ಟರೆ 45 ಸೆಂಟಿಮೀಟರ್, ಎಳೆದರೆ 80. ಕಲಿಯುವಾಗ ಎಲ್ಲರಿಗೂ ಕೊಡೋದು ಇದನ್ನೇ. ಎಲ್ಲೂ ಸಿಕ್ಕಿಕೊಳ್ಳಲ್ಲ, ತಳ್ಳಿ ಲೀಶನ್ನು ಬಿಚ್ಚಿಕೊಳ್ಳುವ ರಿಲೀಸ್ ಕಣ್ಣೆದುರಿಗೇ ಇರುತ್ತದೆ. ಆದರೆ ರೇಲಿಯಲ್ಲಿ ಮೈಯೆಲ್ಲ ಚಾಚಿ, ಕೈ ತಲೆಯ ಮೇಲೆ ಹೋಗುತ್ತದೆ ಅಲ್ವಾ? ಆಗ ಇದು ಬಿಗಿಯಾಗಿ ಸೇಫ್ಟಿ ದಾರವನ್ನೇ ಜಗ್ಗುತ್ತದೆ. ಮೂರನೇ ಸಲ ಹಾರಿದಾಗ ನಾನು ಬಾರ್ ಗಟ್ಟಿಯಾಗಿ ಹಿಡಿದೇ ಇದ್ದೆ, ಕೈಟ್ ತಾನಾಗಿ ಮುದುಡಿಕೊಂಡಿತು, ನಾನು ಬೆನ್ನ ಮೇಲೆ ನೀರಿಗೆ ಅಪ್ಪಳಿಸಿದೆ. ಹುಕ್ ಹಾಕಿಕೊಂಡೇ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹುಕ್ ಬಿಚ್ಚುವವರಿಗೆ ಬೇಡ.

ಎರಡನೆಯದು ಸುಸೈಡ್. ಉದ್ದ ಲೀಶ್, ಬೆನ್ನ ಹಿಂದಿನ ರಿಂಗಿಗೆ ಒಂದು ತುದಿ, ಚಿಕನ್ ಲೂಪಿಗೆ ಇನ್ನೊಂದು. ಇದನ್ನು ಹೊಗಳುವವರು ಸುಳ್ಳು ಹೇಳ್ತಿಲ್ಲ. ಮೊದಲೆರಡು ದಿನ ನನಗೂ ಬಹಳ ಇಷ್ಟ ಆಯಿತು. ಬಾರ್ ತಪ್ಪಿತು, ಕೈಟ್ ಮೇಲೇ ನಿಂತಿತು, ಹತ್ತು ಸೆಕೆಂಡಿನಲ್ಲಿ ಬಾರ್ ಮತ್ತೆ ಕೈಗೆ ಬಂತು. ಮಧ್ಯಾಹ್ನವೆಲ್ಲ ಒಂದೇ ಟ್ರಿಕ್ಕನ್ನು ಮೂವತ್ತು ಸಲ ಮಾಡಿದೆ. ಸ್ಪರ್ಧೆಯಲ್ಲಿ ಆಡುವವರು ಇದನ್ನು ಯಾಕೆ ಬಳಸುತ್ತಾರೆ ಅಂತ ಆಗ ತಿಳಿಯಿತು.

ಮೂರನೇ ದಿನ ಗಾಳಿ ಬಿಟ್ಟು ಬಿಟ್ಟು ಜೋರಾಗಿ ಬೀಸುತ್ತಿತ್ತು. ಬಾರ್ ತಪ್ಪಿದಾಗ ಹಿಂದಿನ ಒಂದು ದಾರ ಬಾರಿನ ತುದಿಗೆ ಸುತ್ತಿಕೊಂಡಿತು. ಒಂದು ಕಡೆ ದಾರ ಗಿಡ್ಡ ಆದ ಮೇಲೆ ಕೈಟ್ ಸುಮ್ಮನೆ ನಿಲ್ಲುತ್ತದೆಯೇ? ಬುಗುರಿಯ ಹಾಗೆ ಸುತ್ತತೊಡಗಿತು. ಒಂದೊಂದು ಸುತ್ತಿಗೂ ಒಂದೊಂದು ಜಗ್ಗು. ಲೀಶ್ ಬೆನ್ನಿಗೆ ಕಟ್ಟಿದ್ದರಿಂದ ನಾನು ಹಿಮ್ಮುಖವಾಗಿ ಎಳೆದುಕೊಂಡು ಹೋಗುತ್ತಿದ್ದೆ, ಮುಖದ ಮೇಲೆ ನೀರು. ಕೈ ಹಿಂದೆ ಹಾಕಿ ರಿಲೀಸ್ ತಡಕಿದೆ, ಸಿಗಲಿಲ್ಲ. ಎರಡನೇ ಸಲ ಪಟ್ಟಿಯನ್ನೇ ಹಿಡಿದು ಬೆರಳನ್ನು ಅದರ ಮೇಲೇ ಜಾರಿಸಿಕೊಂಡು ಹೋದೆ, ಸಿಕ್ಕಿತು, ತಳ್ಳಿದೆ. ಕೈಟ್, ಬಾರ್, ಲೀಶ್ ಎಲ್ಲ ಒಟ್ಟಿಗೆ ಹಾರಿಹೋದವು. ಸುಮಾರು ದೂರದಲ್ಲಿ ಜಾಲಿಯ ಪೊದೆಯಲ್ಲಿ ಸಿಕ್ಕಿಬಿದ್ದವು. ನಾವು ಬಳ್ಳಾರಿ ಜಾಲಿ ಅನ್ನುತ್ತೇವಲ್ಲ, ಅದೇ ಜಾಲಿ, ಅಲ್ಲೂ ತುಂಬಾ ಇದೆ. ಬಟ್ಟೆ ಮೂರು ಕಡೆ ಹರಿದಿತ್ತು. ಆ ದಾರಿಯಲ್ಲಿ ಯಾರೂ ಇರಲಿಲ್ಲ, ಅದೊಂದೇ ಪುಣ್ಯ. 20 ಮೀಟರಿಗೂ ಉದ್ದದ ಬಿಗಿ ದಾರಗಳು ದಡದಲ್ಲಿ ಆಡುವ ಮಗುವಿಗೆ ಸುತ್ತಿಕೊಂಡಿದ್ದರೆ? ಈಗಲೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸುಸೈಡಿನಲ್ಲಿ ಬಾರ್ ಬಿಡೋದು ಅರ್ಧ ರಕ್ಷಣೆ ಅಷ್ಟೇ. ಅದು ಕೆಲಸ ಮಾಡದಿದ್ದರೆ ಮಧ್ಯದಲ್ಲಿ ಇನ್ನೊಂದು ಮೆಟ್ಟಿಲು ಇಲ್ಲ, ನೇರವಾಗಿ ಕೈಟನ್ನೇ ಊರಿನ ಮೇಲೆ ಬಿಡಬೇಕು. ಕಲಿಯುತ್ತಿರುವವರು ಇದನ್ನು ಕಟ್ಟಲೇಬಾರದು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಊರಿಗೆ ಬಂದ ಮೇಲೆ ಆ "ಸಿಗಲಿಲ್ಲ" ಅನ್ನೋದು ತಲೆಯಲ್ಲಿ ಕೂತುಬಿಟ್ಟಿತು. ಮನೆ ಮುಂದಿನ ಬೇವಿನ ಮರದ ಕೊಂಬೆಗೆ ಲೀಶ್ ಕಟ್ಟಿ, ಕೆಳಗೆ 25 ಕಿಲೋದ ಎರಡು ಸೋನಾ ಮಸೂರಿ ಅಕ್ಕಿ ಚೀಲ ತೂಗುಹಾಕಿದೆ. ಗಿಡ್ಡ ಲೀಶಿನ ರಿಲೀಸ್ ಹತ್ತಕ್ಕೆ ಹತ್ತು ಸಲವೂ ಒಂದೇ ತಳ್ಳಿಗೆ ಬಿಚ್ಚಿತು. ಉದ್ದ ಲೀಶ್, ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡಿದ್ದು, ಮೊದಲ ಸಲ ಬಿಚ್ಚಲೇ ಇಲ್ಲ. ಎರಡು ಕೈಯಲ್ಲಿ ತಳ್ಳಿದಾಗ ಕರ್ ಅಂತ ಸದ್ದು ಮಾಡಿ ಬಿಟ್ಟುಕೊಂಡಿತು. ಒಳಗೆ ನೋಡಿದರೆ ಮರಳು, ಅದರ ಮೇಲೆ ಉಪ್ಪು ಬಿಳಿ ಹೊಪ್ಪಳೆಯ ಹಾಗೆ ಗಟ್ಟಿಯಾಗಿತ್ತು. ಒಂದು ರಾತ್ರಿ ಸಿಹಿನೀರಿನ ಬಕೆಟ್ಟಿನಲ್ಲಿ ನೆನೆಹಾಕಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಆಮೇಲೆ ಅದೂ ಹತ್ತಕ್ಕೆ ಹತ್ತು. ಅಪ್ಪ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. "ಹಗ್ಗ ಗಟ್ಟಿ ಇದ್ರಷ್ಟ ಸಾಲದವ್ವ, ಎತ್ತು ಕಾಲು ಸಿಗಿಸ್ಕೊಂಡು ಬಿದ್ದಾಗ ಒಂದ ಕೈಲೆ ಬಿಚ್ಚಾಕ ಬರಬೇಕು," ಅಂದರು. ಭಾರ ಬಿದ್ದಾಗಲೂ ರಿಲೀಸ್ ಬಿಚ್ಚುತ್ತದೆಯೇ ಅಂತ ಪರೀಕ್ಷಿಸಲು 2020ರಲ್ಲಿ ಐಎಸ್ಒ 21853 ಅನ್ನುವ ಮಾನದಂಡ ಬಂದಿದೆ. ಹೊಸದು ತಗೊಳ್ಳುವವರು ಆ ನಂಬರ್ ಇದೆಯೇ ನೋಡಿ. ಇದ್ದರೂ ಮರಳು ತೊಳೆಯುವ ಕೆಲಸ ನಮ್ಮದೇ.

ಹೊಲಿಗೆಯನ್ನೂ ನೋಡಿ. ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತಲ್ಲ. ನದಿಗೆ ಸುಮ್ನೆ ಹರಿದುಹೋಗುವ ನೀರು ನೋಡಿ ಕಾಲುವೆ ಕೆಳಗಿನ ನಮ್ಮಂಥವರು ಎರಡನೇ ಬೆಳೆ ಹೋಯಿತು ಅಂತ ಕಂಗಾಲಾಗಿದ್ದೆವು. ಅವತ್ತಿನಿಂದ ಭಾರ ಹೊರುವ ಯಾವ ವಸ್ತು ಕೈಗೆ ಬಂದರೂ ನಾನು ಮೊದಲು ಕೊಂಡಿ, ಹೊಲಿಗೆ ನೋಡುತ್ತೇನೆ.

ಮೂರನೆಯದು ಜನವರಿಯಲ್ಲಿ ಕಟ್ಟಿದ್ದು. ಅದೇ ಉದ್ದ ಲೀಶ್, ಆದರೆ ಆಚೆ ತುದಿ ಸೇಫ್ಟಿ ರಿಂಗಿಗೆ, ಈಚೆ ತುದಿ ಬೆನ್ನಿಗಲ್ಲ, ಎಡ ಸೊಂಟಕ್ಕೆ. ಉದ್ದ ಸುಮಾರು 110 ಸೆಂಟಿಮೀಟರ್. ಬೇವಿನ ಕೊಂಬೆಗೆ ಬಾರ್ ಕಟ್ಟಿ, ಅದಕ್ಕೆ ಜೋತುಬಿದ್ದು ಅಳೆದೆ. ಕೈ ಪೂರ್ತಿ ಚಾಚಿದಾಗಲೂ ಲೀಶ್ ಒಂದು ಗೇಣು ಸಡಿಲ ಇರಬೇಕು. ಸಡಿಲ ಇದ್ದರೆ ಕೈಟ್ ತಾನಾಗಿ ಮುದುಡಲ್ಲ. ರಿಲೀಸ್ ಎರಡೂ ಕೈಗೆ ಎಟಕುತ್ತದೆ, ನೀರು ಕುಡಿಯುತ್ತಿದ್ದರೂ ಸಿಗುತ್ತದೆ.

ಕಷ್ಟ ಇಲ್ಲ ಅಂತಲ್ಲ. ಬಾರ್ ತಪ್ಪಿದ ಪ್ರತಿ ಸಲ ಕೈಟ್ ನೀರಿಗೆ ಬೀಳುತ್ತದೆ, ಬಾರ್ ದಾರದ ಮೇಲೆ ಮಾರುಗಟ್ಟಲೆ ದೂರ ಜಾರಿರುತ್ತದೆ. ಒಂದೇ ದಾರ ಹಿಡಿದು ಎಳೆಯುತ್ತ ಅದರ ಹತ್ತಿರ ಹೋಗಬೇಕು. ಆದರೆ ದಾರವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ, ಕೈಟಿಗೆ ಗಾಳಿ ಸಿಕ್ಕರೆ ಬೆರಳು ಹೋಗುತ್ತದೆ. ಮತ್ತೆ ಏಳಿಸಲು ನನಗೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ದಿನಕ್ಕೆ ಮೂವತ್ತು ಸಲ ಹಾರುತ್ತಿದ್ದವಳು ಹನ್ನೆರಡಕ್ಕೆ ಸುಸ್ತಾಗುತ್ತಿದ್ದೆ. ಲೂಪಿಗೆ ಕಟ್ಟಿದವರು ಪಕ್ಕದಲ್ಲೇ ಸರಸರ ಹಾರುತ್ತಿದ್ದಾಗ ಆಸೆ ಆಗುತ್ತಿತ್ತು, ನಿಜ. ಆದರೂ ಆ 9 ದಿನದಲ್ಲಿ ಒಂದು ಸಲವೂ ಹೆದರಲಿಲ್ಲ. ಹೆದರಿಕೆ ಇಲ್ಲದ್ದಕ್ಕೇ ಇರಬೇಕು, ರೇಲಿ ನೆಟ್ಟಗೆ ಕೂತಿದ್ದು ಈ ಲೀಶಿನಲ್ಲೇ. ನನ್ನ ಆಯ್ಕೆ ಇದೇ.

ಬೆನ್ನ ಹಿಂದೆ ಬಾರ್ ದಾಟಿಸುವ ಹ್ಯಾಂಡಲ್ ಪಾಸ್ ಮಾಡುವವರಿಗೆ ಸೊಂಟದ ಜಾಗ ಸಾಲದು, ಬೆನ್ನಿಗೇ ಕಟ್ಟಬೇಕು. ಅದಕ್ಕೆ ರಿಂಗ್ ಪಕ್ಕಕ್ಕೆ ಜಾರಿ ಬರುವಂಥ ಹಾರ್ನೆಸ್ ಹುಡುಕಿ.

ಯಾವುದೇ ಕಟ್ಟಿ, ಚಿಕನ್ ಲೂಪ್ ಹುಕ್ಕಿನಿಂದ ಜಾರದಂತೆ ತಡೆಯುವ ಪ್ಲಾಸ್ಟಿಕ್ ಬೆರಳನ್ನು ಸರಿಸಿಡಿ, ಇಲ್ಲದಿದ್ದರೆ ಮತ್ತೆ ಹುಕ್ ಹಾಕೋದು ಕಷ್ಟ. ಬಿಚ್ಚುವ ಮೊದಲು ಟ್ರಿಮ್ ಪಟ್ಟಿ ಎಳೆದು ಕೈಟಿನ ಬಲ ಇಳಿಸಿಕೊಳ್ಳಿ. ಬಾರಿನಿಂದ ಬಾರಿಗೆ ಸೇಫ್ಟಿ ರಿಂಗಿನ ಜಾಗ ಬೇರೆ ಬೇರೆ. ಹಾಗಾಗಿ ಹೊಸ ಬಾರ್ ಕೈಗೆ ಬಂದ ದಿನ ಸೊಂಟದುದ್ದ ನೀರಿನಲ್ಲಿ ನಿಂತು, ಗಾಳಿ ಹೋಗುವ ದಿಕ್ಕಿನಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು, ಹುಕ್ ಬಿಚ್ಚಿಕೊಂಡು ಒಮ್ಮೆ ಬೇಕಂತಲೇ ಬಾರ್ ಬಿಡಿ. ಕೈಟ್ ಬಾವುಟದ ಹಾಗೆ ಬಡಿದುಕೊಂಡು ಬಿದ್ದರೆ ಸರಿಯಾಗಿ ಕಟ್ಟಿದ್ದೀರಿ. ಮೇಲೇ ನಿಂತರೆ ದಡಕ್ಕೆ ಬಂದು ಬಿಚ್ಚಿ ಮತ್ತೆ ಕಟ್ಟಿ.