ಬ್ಲೂ-ರೇ ಡಿಸ್ಕೋ, ಡಿಜಿಟಲ್ ಖರೀದಿಯೋ, ಬಾಡಿಗೆಯೋ?

ಅಮೆರಿಕದಿಂದ ಬರುವ ಬಂಧುಗಳ ಕೈಲಿ ವಿಜಯಪುರಕ್ಕೆ ಸಿನಿಮಾದ ಬ್ಲೂ-ರೇ ಡಿಸ್ಕ್ ತರಿಸುವವರು, ಅದೇ ಚಿತ್ರವನ್ನು ಆನ್‌ಲೈನ್ ಖಾತೆಗೂ ಸೇರಿಸಿಕೊಳ್ಳಲೆಂದು ಡಬ್ಬಿಯೊಳಗೆ ಚೀಟಿಯಲ್ಲಿ ಕೊಡುವ ಡಿಜಿಟಲ್ ಕೋಡ್ ನೆಚ್ಚಿಕೊಳ್ಳಬೇಡಿ. ಸ್ಟುಡಿಯೋ ಯಾವ ದೇಶಕ್ಕೆ ಹಕ್ಕು ಕೊಟ್ಟಿದೆಯೋ ಅಲ್ಲಿಯ ಖಾತೆಗೆ ಮಾತ್ರ ಕೋಡ್ ಸೇರುತ್ತದೆ. ಕೊಂಡ ಡಿಜಿಟಲ್ ಚಿತ್ರಗಳನ್ನು ಒಂದೇ ಕಡೆ ಕೂಡಿಸಿಡುವ ಮೂವೀಸ್ ಎನಿವೇರ್ ಸೇವೆ ಇರುವುದು ಅಮೆರಿಕದಲ್ಲಷ್ಟೇ. ಚೀಟಿಯ ಸಣ್ಣಕ್ಷರದಲ್ಲಿ ಕೊನೆಯ ದಿನಾಂಕವೂ ಇರುತ್ತದೆ, ಹಳೆಯ ಸ್ಟಾಕ್‌ನಲ್ಲಿ ಅದು ದಾಟಿಯೇ ಹೋಗಿರಬಹುದು.

ಡಿಸ್ಕ್‌ಗೂ ವಲಯವಿದೆ, ಅದೇ ವಲಯದ ಪ್ಲೇಯರ್‌ನಲ್ಲಷ್ಟೇ ಓಡುವಂತೆ ಹಾಕಿದ ಬೀಗ. ಅಮೆರಿಕದ್ದು ಎ, ನಮ್ಮದು ಸಿ. ಡಬ್ಬಿಯ ಹಿಂಬದಿಯಲ್ಲಿ ಬರೀ ಎ ಗುರುತಿದ್ದರೆ ಇಲ್ಲಿ ಕೊಂಡ ಪ್ಲೇಯರ್ ಸಾಮಾನ್ಯವಾಗಿ ಓಡಿಸುವುದಿಲ್ಲ. ಎ, ಬಿ, ಸಿ ಮೂರೂ ಇದ್ದರೆ ಚಿಂತೆಯಿಲ್ಲ. 4ಕೆ ಡಿಸ್ಕ್‌ಗೆ ಈ ಬೀಗವಿಲ್ಲ, ಆದರೆ 4ಕೆ ಪ್ಲೇಯರೇ ಬೇಕು. ಇಷ್ಟು ಹೊಂದಿದರೆ ಡಿಸ್ಕ್‌ಗೆ ಸಮ ಯಾವುದೂ ಇಲ್ಲ: ಚಿತ್ರ, ಧ್ವನಿ ಎರಡೂ ಮೇಲು, ನೆಟ್ ಬೇಡ, ಯಾರೂ ವಾಪಸ್ ಕಸಿಯಲಾರರು.

ಡಿಜಿಟಲ್‌ನಲ್ಲಿ ‘ಕೊಳ್ಳಿ’ ಒತ್ತಿದರೂ ಸಿಗುವುದು ನೋಡುವ ಪರವಾನಗಿ. ಹಂಚಿಕೆಯ ಒಪ್ಪಂದ ಮುಗಿದರೆ ಕೊಂಡದ್ದೂ ಹೋಗಬಹುದು. 2022ರಲ್ಲಿ ಜರ್ಮನಿ, ಆಸ್ಟ್ರಿಯಾದ ಸೋನಿ ಪ್ಲೇಸ್ಟೇಷನ್ ಅಂಗಡಿಯ ಗ್ರಾಹಕರು ಸ್ಟುಡಿಯೋಕೆನಾಲ್ ಎಂಬ ಫ್ರೆಂಚ್ ಸಂಸ್ಥೆಯ ಚಿತ್ರಗಳನ್ನು ಹೀಗೆಯೇ ಕಳೆದುಕೊಂಡರು. ಆ್ಯಪಲ್‌ನಲ್ಲಿ ಕೊಂಡರೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಒಮ್ಮೆ ನೋಡಿ ಬಿಡುವ ಚಿತ್ರಕ್ಕೆ ಬಾಡಿಗೆ ಧಾರಾಳ ಸಾಕು. ಯೂಟ್ಯೂಬ್‌ನಲ್ಲಿ ಶುರು ಮಾಡಲು ಸಾಮಾನ್ಯವಾಗಿ 30 ದಿನ, ಶುರುವಾದ ಮೇಲೆ 48 ಗಂಟೆ. ಪ್ಲೇ ಒತ್ತಿದೊಡನೆ ಗಡಿಯಾರ ಓಡುತ್ತದೆ, ನಡುವೆ ಕರೆಂಟ್ ಹೋದರೂ ನಿಲ್ಲದು. ಹಣ ಕಟ್ಟುವ ಮೊದಲು ಭಾಷೆ, ಸಬ್‌ಟೈಟಲ್, ಎಚ್‌ಡಿ ಇದೆಯೇ ನೋಡಿ.