ಮೇಜಿಗೆ ಬಾಡಿಗೆ, ತೀರ್ಪಿಗೆ ದುಡ್ಡಿಲ್ಲ: ದಾವಣಗೆರೆಯ ಒಂದು ಆಟದ ಕೋಣೆ

ದಾವಣಗೆರೆಯ ವಿದ್ಯಾನಗರದಲ್ಲಿ ಸ್ಟೇಷನರಿ ಅಂಗಡಿಯೊಂದರ ಮಹಡಿಯ ಮೇಲಿರುವ ಈ ಕೋಣೆಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟರೆ ಗೊಂಬೆ ಸೈನ್ಯಗಳ ಯುದ್ಧದಾಟಕ್ಕೆ ಒಂದು ಮೇಜು, ಅದರ ಮೇಲೆ ಜೋಡಿಸಲು ಪಾಳುಕಟ್ಟಡ, ಬಂಡೆ, ಗೋಡೆಗಳ ಮಾದರಿಗಳು ಮತ್ತು ಆಟದ ನಡುವೆ ನಿಯಮದ ಬಗ್ಗೆ ತಕರಾರು ಎದ್ದರೆ ಬಗೆಹರಿಸಲು ಒಬ್ಬ ತೀರ್ಪುಗಾರ ಸಿಗುತ್ತಾರೆ. ಮೊದಲ ಎರಡರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೇಜುಗಳು ಗಟ್ಟಿಯಾಗಿವೆ, ಬೆಳಕು ಚೆನ್ನಾಗಿದೆ. ಮೂರನೆಯದು ಮಾತ್ರ ವಿವರವಾಗಿ ನೋಡತಕ್ಕದ್ದು, ಏಕೆಂದರೆ ಅರ್ಧ ದಿನ ಕೂತು ಆಡಿದ ಆಟ ಕೆಡುವುದು ಬಹುಪಾಲು ಕಾಲಂಗುಲದ ವಾದದಿಂದಲೇ.

ಇಲ್ಲಿ ಹೆಚ್ಚಾಗಿ ಆಡುವುದು ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ಹೊರತಂದ ವಾರ್‌ಹ್ಯಾಮರ್ 40,000 ಆಟವನ್ನು, ಅದರಲ್ಲೂ 2023ರಲ್ಲಿ ಬಂದ ಹತ್ತನೆಯ ಆವೃತ್ತಿಯನ್ನು. ಚದುರಂಗದ ಕುದುರೆ ಯಾವ ಮನೆಯಲ್ಲಿದೆ ಎಂದು ಯಾರೂ ಜಗಳವಾಡುವುದಿಲ್ಲ. ಈ ಆಟದಲ್ಲಿ ಮನೆಗಳೇ ಇಲ್ಲ. ಟೇಪು ಹಿಡಿದು ಅಂಗುಲಗಳಲ್ಲಿ ಅಳೆದು ಸೈನಿಕರನ್ನು ನಡೆಸಬೇಕು, ಬಗ್ಗಿ ನೋಡಿ ಶತ್ರು ಕಾಣಿಸುತ್ತಾನೋ ಇಲ್ಲವೋ ತೀರ್ಮಾನಿಸಬೇಕು. ನೋಡುವ ಕಣ್ಣು ಎರಡು ಕಡೆಯವರದ್ದಾದ್ದರಿಂದ ತೀರ್ಮಾನವೂ ಎರಡಾಗುವುದು ಸಹಜ.

ಕೋಣೆಯವರ ಜಾಣತನವೆಲ್ಲ ಆಟ ಶುರುವಾಗುವುದಕ್ಕಿಂತ ಮೊದಲೇ ಕಾಣುತ್ತದೆ. ಹತ್ತನೆಯ ಆವೃತ್ತಿಯಲ್ಲಿ ಪಾಳುಕಟ್ಟಡದ ಆಚೆಗೆ ನಿಂತವರನ್ನು ಕಿಟಕಿಯ ಮೂಲಕವೂ ನೋಡಲು ಬರುವುದಿಲ್ಲ, ಆದರೆ ಅದರ ಒಳಗೆ ನಿಂತವರನ್ನು ನೋಡಬಹುದು. ಹೀಗಾಗಿ ಕಟ್ಟಡದ ಎಲ್ಲೆ ಎಲ್ಲಿಗೆ ಮುಗಿಯಿತು ಎಂಬ ಒಂದೇ ಪ್ರಶ್ನೆಯ ಮೇಲೆ ಒಂದು ಇಡೀ ತುಕಡಿಯ ಬದುಕು ನಿಂತಿರುತ್ತದೆ. ಕುಸಿದ ಗೋಡೆ ಮಾತ್ರ ಇದ್ದು ನೆಲದ ಗುರುತಿಲ್ಲದಿದ್ದರೆ ವಾದಕ್ಕೆ ಕೊನೆಯೇ ಇರುವುದಿಲ್ಲ. ಇಲ್ಲಿ ಪ್ರತಿ ಕಟ್ಟಡವನ್ನೂ ತೆಳುವಾದ ಬೂದುಬಣ್ಣದ ಹಲಗೆಗೆ ಅಂಟಿಸಿ, ಹಲಗೆಯ ಅಂಚಿಗೆ ಬಿಳಿ ಗೆರೆ ಎಳೆದಿದ್ದಾರೆ. ಸೈನಿಕನ ಬೇಸು, ಅಂದರೆ ಗೊಂಬೆಯ ಕಾಲಡಿಯ ತಟ್ಟೆ, ಗೆರೆಯನ್ನು ದಾಟಿದೆಯೇ ಎಂದು ನೋಡಿದರೆ ಮುಗಿಯಿತು. ಮೊದಲ ದಾಳ ಉರುಳುವ ಮುನ್ನ ಇಬ್ಬರೂ ಆಟಗಾರರು ಮೇಜಿನ ಸುತ್ತ ಒಂದು ಸುತ್ತು ಬಂದು ಯಾವುದು ಪಾಳುಕಟ್ಟಡ, ಯಾವುದು ಬರೀ ಗೋಡೆ, ಯಾವುದು ಕಾಡು ಎಂದು ಬಾಯಿಬಿಟ್ಟು ಒಪ್ಪಿಕೊಳ್ಳಬೇಕೆಂಬುದು ಕೋಣೆಯ ನಿಯಮ.

ದಾಳಿಯ ವಿಷಯದಲ್ಲೂ ಇದೇ ಎಚ್ಚರಿಕೆ. ಮೈಮೇಲೆ ಏರಿ ಹೋಗುವ ತುಕಡಿ ಎರಡು ದಾಳ ಎಸೆದು, ಬಿದ್ದ ಮೊತ್ತದಷ್ಟು ಅಂಗುಲ ಓಡಿ, ಶತ್ರುವಿನ ಒಂದು ಅಂಗುಲದೊಳಗೆ ತಲುಪಬೇಕು. ನಡುವಿನ ಅಂತರ ಸರಿಯಾಗಿ ಎಂಟು ಅಂಗುಲವಾಗಿದ್ದರೆ ಏಳು ಬಿದ್ದರೆ ಸಾಕು. ಕೂದಲೆಳೆಯಷ್ಟು ಹೆಚ್ಚಿದ್ದರೂ ಎಂಟು ಬೀಳಲೇಬೇಕು. ಎರಡು ದಾಳಗಳ 36 ಸಾಧ್ಯತೆಗಳಲ್ಲಿ ಏಳು ಅಥವಾ ಹೆಚ್ಚು ಬೀಳುವುದು 21ರಲ್ಲಿ, ಎಂಟು ಅಥವಾ ಹೆಚ್ಚು ಬೀಳುವುದು 15ರಲ್ಲಿ ಮಾತ್ರ. ದಾಳದಲ್ಲಿ ಏಳು ಕಂಡ ಮೇಲೆ ಟೇಪು ಹಿಡಿದರೆ ಇಬ್ಬರ ಕೈಯೂ ತಮ್ಮ ತಮ್ಮ ಕಡೆಗೇ ವಾಲುತ್ತದೆ. ನಾನು ಪಕ್ಕದಲ್ಲಿ ನಿಂತು ನೋಡಿದ ಆಟವೊಂದರಲ್ಲಿ ಕಾಲೇಜು ಹುಡುಗನೊಬ್ಬ ದಾಳ ಮುಷ್ಟಿಯಲ್ಲಿ ಹಿಡಿದಾಗಲೇ ತೀರ್ಪುಗಾರರು ತಡೆದು, "ಎಷ್ಟು ಬೀಳಬೇಕು ಅಂತ ಮೊದಲು ಹೇಳಪ್ಪ" ಎಂದರು. "ಏಳು ಅಣ್ಣಾ" ಎಂದ. ಎದುರಿನವನು ಟೇಪು ನೋಡಿ "ಹೂಂ, ಏಳು" ಎಂದ ಮೇಲೆಯೇ ಎಸೆಯಲು ಬಿಟ್ಟರು. ಆರು ಬಿತ್ತು, ಯಾರೂ ಚಕಾರ ಎತ್ತಲಿಲ್ಲ. ವಾಲಿ ನಿಂತ ದಾಳವನ್ನು ಮತ್ತೆ ಎಸೆಯಬೇಕೆಂಬ ರೂಢಿಯನ್ನೂ ಮೊದಲೇ ಹೇಳಿಬಿಡುತ್ತಾರೆ.

ಇಷ್ಟಾದರೂ ಉಳಿಯುವ ತಕರಾರುಗಳು ಪದಗಳ ಅರ್ಥದ್ದು. ಅವುಗಳಿಗೆ ಮೊದಲು ನಿಯಮಪುಸ್ತಕ, ಆಮೇಲೆ ಕಂಪನಿಯ ತಿದ್ದುಪಡಿಗಳು, ಎರಡರಲ್ಲೂ ಸಿಗದಿದ್ದರೆ ತೀರ್ಪುಗಾರರ ಮಾತು ಎಂಬ ಕ್ರಮವನ್ನು ಗೋಡೆಗೆ ಅಂಟಿಸಿದ್ದಾರೆ. ಕ್ರಮವೇನೋ ಸರಿ, ಪಾಲನೆ ಸಡಿಲ. ಭಾನುವಾರ ಎಲ್ಲ ಮೇಜುಗಳೂ ತುಂಬಿರುವಾಗ ತೀರ್ಪುಗಾರರು ಪುಸ್ತಕ ತೆರೆಯುವ ತಾಳ್ಮೆ ಇಲ್ಲದೆ, "ಇಬ್ಬರೂ ಒಂದೊಂದು ದಾಳ ಹಾಕ್ರಿ, ಹೆಚ್ಚು ಬಿದ್ದವರ ಮಾತು ನಡೀಲಿ" ಎಂದು ಹೇಳಿ ಮುಂದಿನ ಮೇಜಿಗೆ ಹೋಗುವುದನ್ನು ಕಂಡಿದ್ದೇನೆ. ದಾಳ ಹಾಕುವ ಪದ್ಧತಿ ಆಟಕ್ಕೆ ಹೊರಗಿನದಲ್ಲ. 2017ರ ಎಂಟನೆಯ ಆವೃತ್ತಿಯ ಮೂಲ ನಿಯಮಗಳೇ ಅದನ್ನು ಹೇಳಿದ್ದವು. ಆದರೆ ಅಲ್ಲಿಯೂ ಆಟಗಾರರು ಮಾತಾಡಿಕೊಂಡು, ಒಪ್ಪುವಂಥ ಪರಿಹಾರ ತೋಚದಿದ್ದಾಗ ಮಾತ್ರ ದಾಳ. ಅಚ್ಚಾಗಿರುವ ಉತ್ತರವನ್ನು ಹುಡುಕದೆ ದಾಳಕ್ಕೆ ಬಿಟ್ಟರೆ ಮನೆಯಲ್ಲಿ ಕೂತು ಓದಿಕೊಂಡು ಬಂದವನ ಶ್ರಮಕ್ಕೆ ಬೆಲೆ ಇಲ್ಲದಂತಾಗುತ್ತದೆ.

ತೀರ್ಪುಗಾರನ ವಿವೇಚನೆಗೆ ಎಷ್ಟು ಬಿಡಬೇಕು ಎಂಬುದು ಹಳೆಯ ಪ್ರಶ್ನೆ. 1824ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ತನ್ನ ಯುದ್ಧದಾಟವನ್ನು ಸೇನಾ ಮುಖ್ಯಸ್ಥರ ಮುಂದೆ ಆಡಿ ತೋರಿಸಿದಾಗ ತೀರ್ಪುಗಾರ ಕೋಷ್ಟಕಗಳಿಗೂ ದಾಳಗಳಿಗೂ ಕಟ್ಟುಬಿದ್ದಿದ್ದ. 1876ರಲ್ಲಿ ಪ್ರಷ್ಯದ ಮತ್ತೊಬ್ಬ ಸೈನ್ಯಾಧಿಕಾರಿ ವೆರ್ಡಿ ಡು ವರ್ನ್ವಾ ಆ ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ಅಧಿಕಾರಿಯ ಮಾತಿಗೇ ಬಿಡಬೇಕೆಂದ. ಅವರ ಆಟಗಳಲ್ಲಿ ತೀರ್ಪುಗಾರ ಆಡುವವರಲ್ಲಿ ಒಬ್ಬನಲ್ಲ. ವಿದ್ಯಾನಗರದ ತೀರ್ಪುಗಾರರು ಸಂಜೆ ಅದೇ ಮೇಜುಗಳಲ್ಲಿ ಅದೇ ಹುಡುಗರ ಎದುರು ಆಡುವವರು. ಅವರು ಪಕ್ಷಪಾತ ಮಾಡಿದ್ದನ್ನು ನಾನು ನೋಡಿಲ್ಲ. ಆದರೂ ಇಂದು ಕೊಟ್ಟ ತೀರ್ಪು ಮುಂದಿನ ವಾರ ತಮ್ಮ ಸೈನ್ಯಕ್ಕೂ ಅನ್ವಯಿಸಬೇಕಾದರೆ ಅದನ್ನು ಎಲ್ಲಾದರೂ ಬರೆದಿಡಬೇಕು. ಇಲ್ಲಿ ಅಂಥ ಪುಸ್ತಕವಿಲ್ಲ. ಗೋಡೆಯ ಮೇಲೆ ನಿಂತವನಿಗೂ ಕೆಳಗಿನವನಿಗೂ ನಡುವಿನ ಎತ್ತರವನ್ನು ಬೇಸಿನಿಂದ ಅಳೆಯಬೇಕೋ ತಲೆಯಿಂದಲೋ ಎಂಬ ಒಂದೇ ಪ್ರಶ್ನೆಗೆ ಎರಡು ಮೇಜುಗಳಲ್ಲಿ ಎರಡು ಉತ್ತರ ಕೇಳಿಬಂತು. ಇನ್ನೂರು ಪುಟದ ಒಂದು ನೋಟ್‌ಬುಕ್ಕು ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆ.

ಚಿತ್ರದುರ್ಗದ ಕೋಟೆಯ ಮಾದರಿಯಲ್ಲಿ ಥರ್ಮೋಕೋಲಿನಲ್ಲಿ ಕಡೆದ ಮೇಜೊಂದು ಇಲ್ಲಿನ ಆಕರ್ಷಣೆ. ನೋಡಲು ಬಲು ಚೆಂದ, ಆಡಲು ಕಷ್ಟ: ಉರುಟು ಬಂಡೆಯ ಮೇಲೆ ಸೈನಿಕ ನಿಲ್ಲುವುದಿಲ್ಲ. ಬೀಳುವ ಗೊಂಬೆಯನ್ನು ಕೆಳಗಿಟ್ಟು, ಅದು ನಿಜವಾಗಿ ನಿಂತ ಜಾಗಕ್ಕೆ ಚಿಕ್ಕ ಬಣ್ಣದ ಬಿಲ್ಲೆ ಇಡಲು ಕೊಡುತ್ತಾರೆ. ಇಬ್ಬರೂ ಒಪ್ಪಿದ ಮೇಲೆ ಅದೇ ಅವನ ಸ್ಥಾನ. ಹೊಸಬರು ಈ ಮೇಜನ್ನು ಕೇಳದಿರುವುದು ಒಳ್ಳೆಯದು.

ಮಿರ್ಚಿ, ಮಂಡಕ್ಕಿ ಹೊರಗಿನ ಬೆಂಚಿನ ಮೇಲೆ ಮಾತ್ರ. ಎಣ್ಣೆ ಕೈಯಲ್ಲಿ ಗೊಂಬೆ ಮುಟ್ಟಿದ್ದಕ್ಕೆ ಎದ್ದ ಜಗಳಕ್ಕೆ ಯಾವ ಪುಸ್ತಕದಲ್ಲೂ ನಿಯಮವಿಲ್ಲ. ಭಾನುವಾರ ಬಿಟ್ಟು ಬೇರೆ ದಿನ ಹೋಗುವವರಿಗೆ ಈ ಕೋಣೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಹೋಗುವಾಗ ನಿಮ್ಮ ಸೈನ್ಯದ ಪಟ್ಟಿಯನ್ನು ಎರಡು ಪ್ರತಿ ಮುದ್ರಿಸಿಕೊಂಡು, ಯಾರ ಕೈಯಲ್ಲಿ ಯಾವ ಆಯುಧ ಎಂಬುದನ್ನೂ ಬರೆದುಕೊಂಡು ಹೋಗಿ. ಒಂದು ಪ್ರತಿಯನ್ನು ಎದುರಾಳಿಗೆ ಕೊಡದೆ ಇಲ್ಲಿ ಆಟ ಆರಂಭಿಸಲು ಬಿಡುವುದಿಲ್ಲ.