ಹೆಕ್ಕತ್ತಿನ ಆಪರೇಷನ್ ಆದಮೇಲೆ ಉಳಿದ ನೋವು: ಮಾತ್ರೆ, ಕಾಲರ್, ಎಣ್ಣೆ, ಇಂಜೆಕ್ಷನ್, ವ್ಯಾಯಾಮ ಎಲ್ಲ ಮಾಡಿ ನೋಡಿದೆ

ಮೂರು ವರ್ಷದ ಹಿಂದೆ ನನಗೆ ಕಿಯಾರಿ ಆಪರೇಷನ್ ಆಯಿತು. ಕಿರುಮೆದುಳಿನ ತುದಿ ತಲೆಬುರುಡೆಯ ಅಡಿಯ ತೂತಿನಿಂದ ಕತ್ತಿನ ಕಡೆಗೆ ಜಾರಿರುವುದಕ್ಕೆ ಕಿಯಾರಿ ಎನ್ನುತ್ತಾರೆ. ಸಾಮಾನ್ಯವಾಗಿ 5 ಮಿಲಿಮೀಟರ್ ಮೀರಿದರೆ ಆ ಹೆಸರು. ನನ್ನದು 11 ಇತ್ತು. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ತಲೆ ಸಿಡಿಯುತ್ತಿತ್ತು. ಬುರುಡೆಯ ಹಿಂದಿನ ಒಂದು ತುಂಡು ಮೂಳೆ ತೆಗೆದು ಒಳಗೆ ಜಾಗ ಮಾಡಿಕೊಟ್ಟರು. ಕೆಮ್ಮಿನ ತಲೆನೋವು ಹೋಯಿತು, ಮತ್ತೆ ಬರಲಿಲ್ಲ.

ಆದರೆ ಎರಡು ತಿಂಗಳಾದ ಮೇಲೆ ಬೇರೆಯೇ ನೋವು ಶುರುವಾಯಿತು. ಹೆಕ್ಕತ್ತಿನಲ್ಲಿ ಹುಟ್ಟಿ, ತಲೆಯ ಹಿಂಭಾಗ ಹತ್ತಿ, ಬಲಗಣ್ಣಿನ ಹಿಂದೆ ಬಂದು ಕೂರುತ್ತಿತ್ತು. ನಾನು ತುಮಕೂರಿನಲ್ಲಿ ಬ್ಲೌಸ್ ಹೊಲಿಯುವವಳು. ತಲೆ ಬಗ್ಗಿಸದೆ ನನ್ನ ಕೆಲಸ ನಡೆಯುವುದಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋಗಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಯಾರೇ ಆದರೂ ಇದನ್ನು ಬಿಡಬಾರದು. ಎದ್ದು ಕೂತರೆ ಜಾಸ್ತಿಯಾಗಿ ಮಲಗಿದರೆ ಕಡಿಮೆಯಾಗುವ ತಲೆನೋವು, ಗಾಯದಿಂದ ನೀರು ಒಸರುವುದು, ಹೆಕ್ಕತ್ತಿನಲ್ಲಿ ಊತ, ಜ್ವರ, ಕೈಕಾಲಲ್ಲಿ ಶಕ್ತಿ ಇಲ್ಲದಿರುವುದು, ಇವು ಕಂಡರೆ ಮನೆಯಲ್ಲಿ ಏನೂ ಪ್ರಯತ್ನಿಸದೆ ಆಸ್ಪತ್ರೆಗೆ ಹೋಗಬೇಕು. ನನಗೆ ಅವು ಯಾವುದೂ ಇರಲಿಲ್ಲ. ಮೂಳೆಯವರೆಗೆ ಹೋಗಲು ತಲೆಯನ್ನು ಎತ್ತಿ ಹಿಡಿಯುವ ಸ್ನಾಯುಗಳನ್ನೇ ಬಿಡಿಸಬೇಕಾಗುತ್ತದೆ, ಅವು ಇನ್ನೂ ಸುಧಾರಿಸಿಲ್ಲ ಎಂದರು ಡಾಕ್ಟರು. ಕತ್ತಿನ ಮೇಲ್ಭಾಗದ ನರಗಳೂ ಮುಖದ ನರವೂ ಮೆದುಳಿನ ಬುಡದಲ್ಲಿ ಒಂದೇ ಕಡೆ ಸೇರುವುದರಿಂದ ಕತ್ತಿನ ನೋವು ಕಣ್ಣಿನಲ್ಲಿ ಕಾಣಿಸುತ್ತದಂತೆ.

ಆಮೇಲೆ ಮಗಳ ಹಳೆ ನೋಟ್‌ಬುಕ್ಕಿನಲ್ಲಿ ದಿನಾ ರಾತ್ರಿ ನೋವಿಗೆ ಹತ್ತಕ್ಕೆ ಇಷ್ಟು ಅಂತ ಬರೆದಿಟ್ಟೆ. ಪಕ್ಕದಲ್ಲೇ ಎಷ್ಟು ಗಂಟೆ ಹೊಲಿದೆ, ಏನು ತೆಗೆದುಕೊಂಡೆ ಅಂತಲೂ ಬರೆದೆ. ಮೊದಲ ತಿಂಗಳು 22 ದಿನ ನೋವು.

ನೋವಿನ ಮಾತ್ರೆ ಬೇಗ ಕೆಲಸ ಮಾಡುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಮಿಷನ್ ಮುಂದೆ ಕೂರಬಹುದಿತ್ತು. ಅದಕ್ಕೇ ಜಾಸ್ತಿ ತೆಗೆದುಕೊಂಡೆ, ತಿಂಗಳಿಗೆ 18, 19 ದಿನ. ಪುಸ್ತಕ ನೋಡಿದ ಡಾಕ್ಟರು ಅಲ್ಲೇ ಬೆರಳಿಟ್ಟರು. ಮಾಮೂಲಿ ನೋವಿನ ಮಾತ್ರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಿ ಸೇರಿದ ಮಾತ್ರೆಯಾದರೆ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಅವರು ಹೇಳಿದ ಹಾಗೆ ನಿಲ್ಲಿಸಿದೆ. ಮೊದಲ ಹತ್ತು ದಿನ ಅತ್ತುಬಿಟ್ಟೆ. ಮರುತಿಂಗಳು 22 ಇದ್ದದ್ದು 16ಕ್ಕೆ ಇಳಿಯಿತು. ಬೇರೇನೂ ಮಾಡದೆ, ಬರೀ ಬಿಟ್ಟಿದ್ದಕ್ಕೆ!

ಕತ್ತಿಗೆ ಆಧಾರ ಕೊಡುವ ಕಾಲರ್ ಪಟ್ಟಿ ಹಾಕಿದಾಗ ಯಾರೋ ತಲೆಗೆ ಕೈಕೊಟ್ಟಷ್ಟು ಹಾಯೆನಿಸಿತು. ಮೂರು ವಾರ ಬಿಡದೆ ಹಾಕಿದೆ. ತೆಗೆದ ಮೇಲೆ ಸಂಜೆಯವರೆಗೆ ತಲೆ ಹೊರುವ ಶಕ್ತಿಯೂ ಕತ್ತಿಗೆ ಇರಲಿಲ್ಲ. ಈಗ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಮಾತ್ರ ಹಾಕುತ್ತೇನೆ. ದಿಂಬಿನ ವಿಷಯದಲ್ಲಿ, ದುಬಾರಿ ಫೋಮ್ ದಿಂಬಿಗೂ ತೆಳು ಹತ್ತಿ ದಿಂಬಿನ ಕೆಳಗೆ ಸುರುಳಿ ಸುತ್ತಿಟ್ಟ ಟವೆಲ್ಲಿಗೂ ನನ್ನ ಪುಸ್ತಕದಲ್ಲಿ ವ್ಯತ್ಯಾಸವೇ ಇಲ್ಲ. ಟವೆಲ್ ಸಾಕು.

ಬಿಸಿ ಮತ್ತು ಐಸ್ ಎರಡನ್ನೂ ಇಟ್ಟುಕೊಂಡಿದ್ದೇನೆ. ಕತ್ತು ಬಿಗಿದಾಗ ಬಿಸಿ, ಕಿವಿಯ ಹಿಂದೆ ಉರಿ ಎದ್ದಾಗ ಐಸ್, ಹದಿನೈದು ನಿಮಿಷ. ಒಂದು ಎಚ್ಚರ ಬೇಕು. ಹೊಲಿಗೆ ಹಾಕಿದ ಜಾಗದ ಸುತ್ತ ಜೋಮು ಇರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ನನಗೆ ಒಮ್ಮೆ ಬೊಕ್ಕೆ ಎದ್ದಿತ್ತು. ಈಗ ಬಿಸಿನೀರಿನ ಬ್ಯಾಗನ್ನು ಮೊದಲು ಕೆನ್ನೆಗೆ ಇಟ್ಟು ನೋಡುತ್ತೇನೆ.

ಅತ್ತೆಯವರು ಹೇಳಿದ್ದಕ್ಕೆ ಗ್ರೀವಾ ಬಸ್ತಿಯನ್ನೂ ಮಾಡಿಸಿದೆ. ಗಾಯ ಪೂರ್ತಿ ಮಾಗಿದ ಮೇಲೆ, ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿಯೇ ಹೋದೆ. ಕತ್ತಿನ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಅದರಲ್ಲಿ ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತಾರೆ. ಏಳು ದಿನವೂ ಚೆನ್ನಾಗಿ ನಿದ್ದೆ ಬಂತು, ನೋವು ಎರಡು ಮೂರಕ್ಕೆ ಇಳಿಯಿತು. ಮುಗಿದ ವಾರವೇ ಮತ್ತೆ ಆರು. ಆದರೂ ಆ ವಾರದ ನೆಮ್ಮದಿಗಾಗಿ ಅತ್ತೆಯವರನ್ನು ನೆನೆಯುತ್ತೇನೆ. ಕತ್ತು ತಿರುಗಿಸಿ ಲಟಕ್ ಅನ್ನಿಸುವುದನ್ನು ಮಾತ್ರ ಯಾರ ಕೈಯಲ್ಲೂ ಮಾಡಿಸಬೇಡಿ. ಹೀಗೆ ಮಾಡಿಸಿ ಮೆದುಳಿಗೆ ಹೋಗುವ ರಕ್ತನಾಳ ಹರಿದು ಲಕ್ವ ಹೊಡೆದದ್ದೂ ಉಂಟು. ನಮ್ಮಂಥವರಿಗೆ ಅಲ್ಲಿ ಮೂಳೆಯೂ ಕಮ್ಮಿ.

ನೋವು ಬರದಂತೆ ತಡೆಯಲು ಡಾಕ್ಟರು ದಿನಾ ರಾತ್ರಿ ಒಂದರಂತೆ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆ 10 ಮಿಲಿಗ್ರಾಂ ಕೊಟ್ಟರು. ಆರು ವಾರ ತೆಗೆದುಕೊಂಡೆ. ನಿದ್ದೆ ಬಂತು, ಬಾಯಿ ಒಣಗಿತು, ಬೆಳಿಗ್ಗೆ ಹತ್ತರವರೆಗೂ ಮಂಕು. ನೋವು ಒಂದು ಅಂಕ ಇಳಿದಿರಬಹುದು. ಅದರ ಪಕ್ಕದಲ್ಲಿ ಇಂಜೆಕ್ಷನ್ ಬೇರೆಯೇ ಲೆಕ್ಕ. ಹಿಂದಲೆಯ ನರದ ಹತ್ತಿರ ಮರಗಟ್ಟಿಸುವ ಔಷಧಿ, ಜೊತೆಗೆ ಸ್ವಲ್ಪ ಸ್ಟೀರಾಯ್ಡ್. ಹತ್ತು ನಿಮಿಷದಲ್ಲಿ ಕಣ್ಣಿನ ಹಿಂದಿನ ನೋವು ನಿಂತಿತು. ಎಷ್ಟೋ ತಿಂಗಳ ಮೇಲೆ ಎರಡೂ ಕಣ್ಣು ಒಂದೇ ಥರ ಇದ್ದವು. ಮೊದಲ ಸಲ ಏಳು ವಾರ, ಎರಡನೇ ಸಲ ಐದು ವಾರ ತಡೆಯಿತು.

ಇಂಜೆಕ್ಷನ್ನಿನಿಂದ ಆದ ದೊಡ್ಡ ಉಪಕಾರ ಅಂದರೆ ಆ ವಾರಗಳಲ್ಲಿ ವ್ಯಾಯಾಮ ಮಾಡಲು ಆಯಿತು. ಅದಕ್ಕೆ ಮೊದಲು ಒಂದು ಕಡೆ ಫಿಸಿಯೋಗೆ ಹೋಗಿದ್ದೆ. ಮೊದಲ ದಿನವೇ ರಬ್ಬರ್ ಬ್ಯಾಂಡ್ ಎಳೆಸಿದರು, ನಾಲ್ಕು ದಿನ ಹಾಸಿಗೆ ಹಿಡಿದೆ. ಎರಡನೆಯವರು ಬ್ಯಾಂಡ್ ಮುಟ್ಟಲೇ ಇಲ್ಲ. ಮಲಗಿಸಿ, "ಅಕ್ಕಾ, ಬಾಯಿ ಬಿಡದೆ ಹೂಂ ಅನ್ನಿ, ಅಷ್ಟೇ ಗದ್ದ ಆಡಲಿ" ಎಂದರು. ಹತ್ತು ಸೆಕೆಂಡ್ ಹಿಡಿಯಬೇಕು, ಹತ್ತು ಸಲ. ಆಮೇಲೆ ಹೆಗಲಿನ ಹಿಂದಿನ ಮೂಳೆಗಳನ್ನು ಹತ್ತಿರ ತರುವುದು. ನೋಡುವವರಿಗೆ ನಾನು ಸುಮ್ನೆ ಮಲಗಿದ್ದೇನೆ ಅನ್ನಿಸಬೇಕು, ಅಷ್ಟು ಸಣ್ಣ ಕೆಲಸ. ಕತ್ತಿನಿಂದ ಬರುವ ತಲೆನೋವಿಗೆ ಇಂಥದೇ ಹಗುರ ವ್ಯಾಯಾಮವನ್ನು ಆಸ್ಟ್ರೇಲಿಯಾದಲ್ಲಿ 200 ಜನರ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ್ದಾರೆ. ಆರು ವಾರ ಮಾಡಿದವರಿಗೆ ಒಂದು ವರ್ಷದ ನಂತರವೂ ಗುಣ ಉಳಿದಿತ್ತು. ನನಗೆ ಐದನೇ ವಾರದವರೆಗೆ ಏನೂ ಕಾಣಲಿಲ್ಲ. ನಾಲ್ಕನೇ ತಿಂಗಳಲ್ಲಿ ನೋವಿನ ದಿನ 9. ಈಗ 5 ಅಥವಾ 6.

ಅದೇ ಫಿಸಿಯೋ ಹೇಳಿದರು ಅಂತ ಮಿಷನ್ನಿನ ಕಾಲುಗಳ ಕೆಳಗೆ ಹಲಗೆ ಇಟ್ಟು ನಾಲ್ಕು ಇಂಚು ಎತ್ತರಿಸಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲ್ ಕೂಗುತ್ತದೆ, ಏಳುತ್ತೇನೆ. ಹೀಗೆ ಮಾಡಿ ಕಳೆದ ಗೌರಿ ಹಬ್ಬಕ್ಕೆ 40 ಬ್ಲೌಸ್ ಹೊಲಿದೆ. ಮಾತ್ರೆ ತೆಗೆದುಕೊಂಡದ್ದು ಮೂರು ದಿನ.

ಹೆಮ್ಮಿಂಗ್ ಮತ್ತು ಹುಕ್ಕು ಹಾಕುವ ಕೈಕೆಲಸಕ್ಕೆ ಮಾತ್ರ ಯಾವುದೂ ನಾಟಲಿಲ್ಲ. ಅರ್ಧ ಗಂಟೆ ಸೂಜಿ ಹಿಡಿದರೆ ಬಲಗಣ್ಣಿನ ಹಿಂದೆ ಹಳೆ ನೋವು ಬರುತ್ತದೆ. ಆ ಕೆಲಸವನ್ನು ಈಗ ಪಕ್ಕದ ಮನೆಯ ಹುಡುಗಿಗೆ ಕೊಡುತ್ತೇನೆ.